ಜಿಪಾರ್ ಕೂತಿದ್ದಳು

ರಾಜಧಾನಿಯಿಂದ ಮರಳಿದ ಬುರುಲ್ ಚೀಲವನ್ನೂ ಕೆಳಗಿಡದೆ ಅಪ್ಪನ ಎದುರು ಬಂದು ನಿಂತಳು. ಎಸೆನ್‌ಕುಲ್ ಅಂಗಳದಲ್ಲಿ ನೆರೆಯವರ ಕುದುರೆಗೆ ಲಾಳ ಕಟ್ಟುತ್ತಿದ್ದ.

"ಪೊಲೀಸ್ ಶಾಲೆಯವರು ನನ್ನ ಸೇರಿಸ್ಕೊಳ್ಳಲ್ವಂತೆ. ಓಟದಲ್ಲಿ ಎಲ್ರಿಗಿಂತ ಮುಂದೆ ಬಂದಿದ್ದೆ. ಆದ್ರೆ ನಮ್ಮಪ್ಪ ಜೈಲಿಗೆ ಹೋಗಿ ಬಂದವನಂತೆ. ನಿಜಾನಾ?"

ಕುದುರೆಯ ಕಾಲು ಅವನ ತೊಡೆಯ ಮೇಲೇ ಇತ್ತು. "ನಿಜ," ಎಂದ.

"ಹುಟ್ಟಿದಾಗಿಂದ ಒಂದೇ ಮನೇಲಿದ್ದೀವಿ. ಇದನ್ನ ಯಾವನೋ ಗುಮಾಸ್ತನ ಬಾಯಿಂದ ಕೇಳ್ಬೇಕಾಯ್ತಲ್ಲಪ್ಪಾ!"

ಅವನು ಹೇಳಿದ. ಇಪ್ಪತ್ತೆರಡರ ಪ್ರಾಯದಲ್ಲಿ ಹುಲ್ಲು ಕೊಯ್ಯುವವರನ್ನು ತುಂಬಿಕೊಂಡು ಬೆಟ್ಟದಿಂದ ಲಾರಿ ಇಳಿಸುತ್ತಿದ್ದ. ಕಣಿವೆಯ ತಿರುವಿನಲ್ಲಿ ಲಾರಿ ಮಗುಚಿತು. ಜಿಪಾರ್ ಎಂಬ ಹದಿನೇಳರ ಹುಡುಗಿ ಸತ್ತಳು. ನಾಲ್ಕು ವರ್ಷ ಜೈಲು. ಬಿಡುಗಡೆಯಾದ ಮೇಲೆ ಹುಟ್ಟೂರಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಬೆಟ್ಟದ ಈಚೆ, ಹೆಂಡತಿಯ ಊರಲ್ಲೇ ನೆಲೆನಿಂತ. ಅಷ್ಟು ಹೇಳಿ, ಉಳಿದದ್ದನ್ನು ನುಂಗಿಕೊಂಡ.

ಅವನು ವಕೀಲನ ಬಳಿ ಹೋದ. "ಶಿಕ್ಷೆಯ ಅವಧಿ ಎಂದೋ ತೀರಿದೆ. ಆದ್ರೆ ದಾಖಲೆಯಿಂದ ಹೆಸರು ಅಳಿಸೋಕೆ ಕೋರ್ಟಿನ ಆದೇಶ ತಗೊಳ್ಳೋದು ಒಳ್ಳೇದು," ಎಂದ ವಕೀಲ. "ಸತ್ತವರ ಮನೆಯವರು ತಕರಾರಿಲ್ಲ ಅಂತ ಬರ್ಕೊಟ್ರೆ ಕೆಲಸ ಹೂವೆತ್ತಿದ ಹಾಗೆ."

ಹುಟ್ಟೂರಿನಲ್ಲಿ ಜಿಪಾರಳ ತಾಯಿ ಕಲ್ಬೂಬು ಇನ್ನೂ ಬದುಕಿದ್ದಳು. ಎಪ್ಪತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಬಾಗಿಲಲ್ಲಿ ನಿಂತವನು ಹೆಸರು ಹೇಳಿದಾಗ ಹತ್ತಿರ ಬಂದು ಅವನ ಮುಖ ದಿಟ್ಟಿಸಿದಳು. ಆಮೇಲೆ ಒಳಗೆ ಕರೆದು ಚಹಾ ಬಗ್ಗಿಸಿ, ರೊಟ್ಟಿ ಮುಂದಿಟ್ಟಳು.

"ಮುರಿ. ಹಗೆಯಾದವನೂ ರೊಟ್ಟಿ ಮುರೀದೆ ನನ್ನ ಮನೆಯಿಂದ ಹೋಗಬಾರ್ದು."

ಅವನು ಚೂರು ಮುರಿದು ಬಾಯಿಗಿಟ್ಟ. ಮಗಳ ವಿಷಯ ಹೇಳಿ, ವಕೀಲ ಬರೆದುಕೊಟ್ಟ ಕಾಗದ ತೆಗೆದ.

"ಓದು. ನಂಗೆ ಕಾಣಲ್ಲ."

"'ಮೃತರ ಕುಟುಂಬಕ್ಕೆ ಯಾವುದೇ ತಕರಾರಿಲ್ಲ...'"

"ಮೃತರಿಗೆ ಹೆಸರಿಲ್ವಾ?"

"ಬರೀತೀನಮ್ಮಾ."

"ತಾಳು. ಮೊದ್ಲು ಒಂದು ಮಾತು ಹೇಳು." ಮುದುಕಿ ಮುಂದಕ್ಕೆ ಬಾಗಿದಳು. "ಅವಳು ಲಾರೀಲಿ ಎದ್ದು ನಿಂತು ಕುಣೀತಿದ್ಲು, ಎಲ್ರೂ ಒಂದೇ ಕಡೆ ವಾಲಿದ್ರು, ಅದಕ್ಕೇ ಮಗುಚ್ತು ಅಂತ ಕೋರ್ಟಲ್ಲಿ ಹೇಳಿದ್ಯಲ್ಲ. ನಿಂತಿದ್ಲಾ?"

ಹೌದು ಎಂದರೆ ಸಾಕಿತ್ತು. ಸಹಿ ಸಿಗುತ್ತಿತ್ತು, ಮಗಳ ದಾರಿ ತೆರೆಯುತ್ತಿತ್ತು.

"ಇಲ್ಲಮ್ಮಾ," ಎಂದ. "ಕೂತಿದ್ಲು. ಹುಲ್ಲಿನ ಮೇಲೆ ಕೂತು ಹಾಡ್ತಿದ್ಲು. ನಾನು ಕುಡಿದಿದ್ದೆ. ಹಾಗಂದ್ರೆ ಶಿಕ್ಷೆ ಜಾಸ್ತಿಯಾಗತ್ತೆ ಅಂತ ಹೆದರಿ ಸುಳ್ಳು ಹೇಳ್ದೆ."

ಕಲ್ಬೂಬು ತಲೆಯ ವಸ್ತ್ರದ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು.

"ಅವಳಪ್ಪ ಸಾಯೋವರೆಗೂ ಅವಳ ಮೇಲೆ ಸಿಟ್ಟಲ್ಲೇ ಇದ್ದ. 'ತೆಪ್ಪಗೆ ಕೂತಿದ್ದಿದ್ರೆ ಬದುಕ್ತಿತ್ತು ಆ ಹುಡುಗಿ' ಅಂತಿದ್ದ. ಮಗಳ ಗೋರಿಗೆ ಒಂದು ದಿನಾನೂ ಹೋಗ್ಲಿಲ್ಲ. ಸತ್ತ ಮೇಲೂ ಬೈಸ್ಕೊಂಡ್ಲು, ಬಡಪಾಯಿ." ಕಾಗದದತ್ತ ಕೈ ತೋರಿ ಅಂದಳು, "ಈಗ ಹೇಳಿದ್ದನ್ನೇ ಬರಿ ಅದರಲ್ಲಿ. ಒಂದಕ್ಷರ ಬಿಡ್ಬೇಡ. ಸಹಿ ಹಾಕ್ತೀನಿ. ನಿನಗೋಸ್ಕರ ಅಲ್ಲ, ನಿನ್ನ ಮಗಳು ಏನೂ ತಪ್ಪು ಮಾಡಿಲ್ಲ, ಅದಕ್ಕೆ."

ಅವನು ಎರಡು ಪ್ರತಿ ಬರೆದ. ಒಂದನ್ನು ಅವಳು ಇಟ್ಟುಕೊಂಡಳು.

ವಕೀಲ ಕಾಗದ ನೋಡಿ ಹಣೆ ಚಚ್ಚಿಕೊಂಡ. "ನಿನ್ನ ಕಾಲಿಗೆ ನೀನೇ ಕೊಡಲಿ ಹಾಕ್ಕೊಂಡ್ಯಲ್ಲೋ! ಇದನ್ನ ಹರಿದು ಬಿಸಾಕು."

"ಆಗಲ್ಲ," ಎಂದ ಎಸೆನ್‌ಕುಲ್.

ಕೋರ್ಟಿನಲ್ಲಿ ನ್ಯಾಯಾಧೀಶೆ ಅದನ್ನು ಗಟ್ಟಿಯಾಗಿ ಓದಿದಳು. ಹಿಂದಿನ ಬೆಂಚಿನಲ್ಲಿ ಬುರುಲ್ ಕೂತಿದ್ದಳು. ಕುಡಿದಿದ್ದೆ ಎಂಬ ಮಾತು ಬಂದಾಗ ಎಸೆನ್‌ಕುಲ್ ತಿರುಗಿ ನೋಡಿದ. ಮಗಳು ನೆಲ ನೋಡುತ್ತಿದ್ದಳು. ನ್ಯಾಯಾಧೀಶೆ ಕನ್ನಡಕ ತೆಗೆದು, ಇಷ್ಟು ವರ್ಷದ ಮೇಲೆ ಹಳೆಯ ಮೊಕದ್ದಮೆಯನ್ನು ತೆರೆಯಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದಳು. ಅರ್ಜಿ ಒಪ್ಪಿದ್ದೇನೆ ಎಂದಳು. ಇನ್ನು ಮುಂದೆ ಅವನನ್ನು ಯಾರೂ ಅಪರಾಧಿ ಎನ್ನುವಂತಿಲ್ಲ.

ಬಸ್ಸಿನಲ್ಲಿ ಬುರುಲ್ ಬೇರೆ ಸೀಟಿನಲ್ಲಿ ಕೂತಳು. ಇಳಿದ ಮೇಲೆ ಒಂದೇ ಮಾತು ಆಡಿದಳು.

"ಅವತ್ತು ಅಂಗಳದಲ್ಲಿ ನನಗೂ ಅರ್ಧವೇ ಹೇಳಿದ್ರಿ."

ಮರುವರ್ಷ ಅವಳಿಗೆ ಪೊಲೀಸ್ ಶಾಲೆ ಸಿಕ್ಕಿತು. ಪ್ರಮಾಣವಚನದ ದಿನ ಅಮ್ಮನನ್ನು ಮಾತ್ರ ಕರೆಸಿಕೊಂಡಳು. ಹೆಂಡತಿ ತಂದ ಫೋಟೋದಲ್ಲಿ ಮಗಳು ಟೋಪಿ ಹಾಕಿ ಸೆಟೆದು ನಿಂತಿದ್ದಳು. ಎಸೆನ್‌ಕುಲ್ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ನನ್ನ ಬಗ್ಗೆ ಕೇಳಿದ್ಲಾ?"

"ಕೇಳಿದ್ಲು," ಎಂದಳು ಹೆಂಡತಿ, ಮುಖ ಆಚೆ ತಿರುಗಿಸಿ. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಆ ಶರತ್ಕಾಲದಲ್ಲಿ ಹುಟ್ಟೂರಿನ ಕುದುರೆ ವ್ಯಾಪಾರಿಯೊಬ್ಬ ಲಾಳ ಕಟ್ಟಿಸಲು ಬಂದ. ಮಾತಿನ ನಡುವೆ ಕಲ್ಬೂಬುವಿನ ಸುದ್ದಿ ಬಂತು. ಮುದುಕಿ ಮುಲ್ಲಾನನ್ನು ಕರೆದುಕೊಂಡು ಹೋಗಿ ಗಂಡನ ಗೋರಿಯ ಮುಂದೆ ಯಾವುದೋ ಕಾಗದ ಓದಿಸಿದಳಂತೆ. ಒಮ್ಮೆ ಓದಿದ್ದು ಸಾಲದೆ ಮತ್ತೊಮ್ಮೆ ಓದಿಸಿದಳಂತೆ. "ಕೇಳಿಸ್ತಾ ಮುದುಕಾ, ಕೂತಿದ್ಲಂತೆ" ಎಂದು ಗೋರಿಯ ಮಣ್ಣು ತಟ್ಟಿದಳಂತೆ.

"ಏನು ಕಾಗದಾನೋ ಯಾರಿಗೊತ್ತು," ಎಂದ ವ್ಯಾಪಾರಿ.

ಎಸೆನ್‌ಕುಲ್ ಬಗ್ಗಿ ಕುದುರೆಯ ಇನ್ನೊಂದು ಕಾಲನ್ನು ಎತ್ತಿಕೊಂಡ.