ಮೊಳೆ ಹಲಗೆಯ ಮೇಲಿನ ಸೇಬು

ಮಗಳು ಹೇಳಿದ್ದು ಕಡ್ಡಿ ಮುರಿದ ಹಾಗೆ. "ಸೋಮವಾರದಿಂದ ಸ್ಕೂಲು ಬಿಟ್ಟ ಮೇಲೆ ಮಕ್ಕಳು ಪಕ್ಕದ ಬೀದಿ ಆಂಟಿ ಮನೇಲಿರ್ತಾರಪ್ಪ. ಕೆಲಸ ಮುಗಿಸಿ ಬರ್ತಾ ನಾನೇ ಕರ್ಕೊಂಡು ಬರ್ತೀನಿ. ನೀವು ಆರಾಮಾಗಿರಿ."

ಆರಾಮಾಗಿರಬೇಕಂತೆ. ಕಾರ್ಖಾನೆಯ ಲೇತ್ ಯಂತ್ರದ ಮುಂದೆ ನಿಂತು ಜೀವಮಾನ ಸವೆಸಿದ ಮನುಷ್ಯನಿಗೆ ಹೇಳುವ ಮಾತೇ ಇದು? ಹೆಂಡತಿ ತೀರಿಕೊಂಡ ಮೇಲೆ ತಾತ ಮಗಳ ಮನೆಗೆ ಬಂದು ಸೇರಿದ್ದ. ಅಳಿಯ ಲಾರಿ ಓಡಿಸುವವನು, ಮನೆಗೆ ಬಂದರೆ ನೆಂಟರು ಬಂದ ಹಾಗೆ. ಮಗಳಿಗೆ ಔಷಧಿ ಅಂಗಡಿಯಲ್ಲಿ ಸಂಜೆವರೆಗೆ ಕೆಲಸ. ಹಾಗಾಗಿ ಮಧ್ಯಾಹ್ನದ ಮೇಲೆ ಮೊಮ್ಮಕ್ಕಳಿಬ್ಬರೂ ತಾತನ ಪಾಲು. ಆ ಹೊತ್ತಿಗಾಗಿಯೇ ಅವನು ಬೆಳಗ್ಗೆ ಎದ್ದು ಗಡ್ಡ ಹೆರೆದುಕೊಳ್ಳುತ್ತಿದ್ದದ್ದು. ಲಕ್ವ ಹೊಡೆದ ಮೇಲೂ ಅದು ತಪ್ಪಿರಲಿಲ್ಲ. ಬಲಗೈ ಭುಜದಿಂದ ಏಳುತ್ತಿತ್ತು, ಬೆರಳು ಮಾತ್ರ ಏನನ್ನೂ ಹಿಡಿಯುತ್ತಿರಲಿಲ್ಲ. ಹೋದ ವಾರ ಹಾಲಿನ ಪಾತ್ರೆ ಕೈಜಾರಿ ಅಡುಗೆಮನೆಯೆಲ್ಲ ಹಾಲು ಹರಿದದ್ದೇ ನೆಪವಾಯಿತು. ಅಷ್ಟಕ್ಕೇ ಈ ತೀರ್ಪು.

ತಾತ ವಾದ ಮಾಡಲಿಲ್ಲ. ವಾದ ಮಾಡಿ ಗೆದ್ದ ಅಪ್ಪಂದಿರನ್ನು ಅವನು ಕಂಡಿರಲಿಲ್ಲ. ಮಾಡಿ ತೋರಿಸಬೇಕು, ಅಷ್ಟೇ. ಶನಿವಾರ ಮಕ್ಕಳಿಗೆ ರಜ, ಮಗಳಿಗೆ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ಅವಳು ಅಗ್ಗಕ್ಕೆ ತಂದಿಟ್ಟ ಪೆಟ್ಟುಬಿದ್ದ ಸೇಬಿನ ಚೀಲವಿತ್ತು. "ಭಾನುವಾರ ಪುರುಸೊತ್ತಾದ್ರೆ ಬೇಯಿಸಿ ಮಸೆದು ಸಾಸ್ ಮಾಡ್ತೀನಿ" ಎಂದಿದ್ದಳು. ಅವಳಿಗೆ ಪುರುಸೊತ್ತಾಗುವುದೂ ಒಂದೇ, ಕೋಳಿಗೆ ಹಲ್ಲು ಬರುವುದೂ ಒಂದೇ. ಅವಳು ಮನೆಗೆ ಬರುವಷ್ಟರಲ್ಲಿ ಬಾಟಲಿಗಳಲ್ಲಿ ಸಾಸ್ ಸಿದ್ಧವಾಗಿರಬೇಕು, ಅಡುಗೆಮನೆ ಕನ್ನಡಿಯಂತಿರಬೇಕು, ಮಕ್ಕಳ ಮೈಮೇಲೆ ಒಂದು ಗೀರೂ ಇರಬಾರದು. ಆಮೇಲೆ ನೋಡೋಣ, ಯಾವ ಆಂಟಿ, ಯಾವ ಬೀದಿ.

"ನೀವು ಒಂದು ಕೈಯಲ್ಲಿ ಸೇಬು ಹೇಗೆ ಸುಲೀತೀರ?" ಎಂದಳು ಮೊಮ್ಮಗಳು. ವಯಸ್ಸು ಒಂಬತ್ತು, ಮಾತು ತೊಂಬತ್ತರದು. ಎಲ್ಲದಕ್ಕೂ ತನಿಖೆ ನಡೆಸುತ್ತಾಳೆಂದು ತಾತ ಅವಳನ್ನು ಕರೆಯುತ್ತಿದ್ದದ್ದೇ ಇನ್‌ಸ್ಪೆಕ್ಟರ್ ಎಂದು. ಅವಳ ತಮ್ಮ ಗುಂಡ ಐದರ ಪೋರ. ಅಕ್ಕ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದು, ಇವೆರಡೇ ಅವನ ಉದ್ಯೋಗ.

"ಕೆಲಸ ಮಾಡೋದು ಕೈ ಅಲ್ಲಮ್ಮ. ಕೆಲಸ ಅಲುಗಾಡದ ಹಾಗೆ ಹಿಡ್ಕೊಳ್ಳೋದು ಮುಖ್ಯ. ಹಿಡ್ಕೊಳ್ಳೋಕೆ ಕೈಯೇ ಆಗಬೇಕಾ? ಮೊಳೆ ತಗೊಂಡು ಬಾ."

ಹಳೆಯ ಹಲಗೆಯೊಂದಕ್ಕೆ ಮೂರು ಮೊಳೆ ಹೊಡೆದರು. ಇನ್‌ಸ್ಪೆಕ್ಟರ್ ಮೊಳೆಯನ್ನು ಇಕ್ಕಳದಲ್ಲಿ ಹಿಡಿದಳು, ತಾತ ಎಡಗೈಯಲ್ಲಿ ಸುತ್ತಿಗೆ ಬೀಸಿದ. ಮೊದಲ ಮೊಳೆ ಸೊಟ್ಟಗಾಯಿತು, ಎರಡನೆಯದು ಅದಕ್ಕಿಂತ ಸೊಟ್ಟಗಾಯಿತು. "ಕುಡಿದವರ ಹಾಗಿದೆ" ಎಂದಳು ಅವಳು. ತಾತ ಎರಡನ್ನೂ ಕಿತ್ತು ಮತ್ತೆ ಹೊಡೆದ. ಹಲಗೆ ಮಗುಚಿ, ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ, ಮೇಲೆದ್ದ ಮೊನೆಗಳಿಗೆ ಸೇಬು ಚುಚ್ಚಿ ನಿಲ್ಲಿಸಿದರೆ ಅದು ಅಲುಗಾಡಲಿಲ್ಲ. ಎಡಗೈಯಲ್ಲಿ ಸಿಪ್ಪೆ ಹೆರೆಯುವ ಉಪಕರಣ ಹಿಡಿದು ಒಂದು ಸುತ್ತು ಎಳೆದಾಗ ಸಿಪ್ಪೆ ಉದ್ದಕ್ಕೆ ಇಳಿದು ಬಂತು. ಗುಂಡ ಅದನ್ನು ತಲೆಯೆತ್ತಿ ಬಾಯಿಗೆ ಇಳಿಬಿಟ್ಟುಕೊಂಡ. ತಾತನಿಗೆ ಎಷ್ಟೋ ತಿಂಗಳಿನ ಮೇಲೆ ತಾನು ಕೆಲಸಕ್ಕೆ ಬರುವ ಮನುಷ್ಯ ಅನ್ನಿಸಿತು.

ಒಲೆ ಹಚ್ಚುವ ಮುಂಚೆ ಅವನು ಸೀಮೆಸುಣ್ಣದಿಂದ ನೆಲದ ಮೇಲೊಂದು ಗೆರೆ ಎಳೆದ. ಕಾರ್ಖಾನೆಯಲ್ಲಿ ಪ್ರತಿ ಯಂತ್ರದ ಸುತ್ತಲೂ ಅಂಥ ಗೆರೆಯಿತ್ತು. "ಒಲೆ ಉರೀತಿರೋವಾಗ ನೀವಿಬ್ರೂ ಇದರಾಚೆ. ತಲೆ ಮೇಲೆ ತಲೆ ಬಿದ್ರೂ ದಾಟಬಾರದು."

"ಯಾರ ತಲೆ ಮೇಲೆ ಯಾರ ತಲೆ?" ಎಂದ ಗುಂಡ.

"ನಿನ್ನ ತಲೆ ಮೇಲೆ ನಿನ್ನಕ್ಕನ ತಲೆ. ನಿಂತ್ಕೋ ಆ ಕಡೆ."

ಹೆಚ್ಚಿದ ಹೋಳು, ಒಂದಿಷ್ಟು ನೀರು, ಸಕ್ಕರೆ, ಒಂದು ತುಂಡು ಚಕ್ಕೆ. ದಪ್ಪ ತಳದ ದೊಡ್ಡ ಪಾತ್ರೆ. ಮಕ್ಕಳು ಗೆರೆಯಾಚೆ ಸಾಲಾಗಿ ನಿಂತರು, ತಾತ ಒಲೆಯ ಮುಂದೆ ನಿಂತ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಲೇತಿನ ಮುಂದೆ ದುಡಿದವರಿಗೆ ಒಂದು ಅಭ್ಯಾಸವಿರುತ್ತದೆ. ಕೊರೆದ ಕಬ್ಬಿಣ ಎಷ್ಟು ಕಾದಿದೆ ಎಂದು ಬೆರಳಿನಿಂದ ಮುಟ್ಟಿ ನೋಡುವುದಿಲ್ಲ, ಬಲಗೈಯ ಹಿಂಬದಿಯನ್ನು ಹತ್ತಿರ ತಂದು ನೋಡುತ್ತಾರೆ. ತಾತನ ಭುಜಕ್ಕೆ ಲಕ್ವದ ಸುದ್ದಿ ಇನ್ನೂ ಪೂರ್ತಿ ಮುಟ್ಟಿರಲಿಲ್ಲವೋ ಏನೋ, ಅದು ತಾನಾಗಿ ಎದ್ದು ಆ ಕೈಯನ್ನು ಪಾತ್ರೆಯ ಪಕ್ಕಕ್ಕೆ ತಂದಿಟ್ಟಿತು. ಬಿಸಿ ಗೊತ್ತಾಗಲಿಲ್ಲ.

"ಇನ್ನೂ ಕಾದೇ ಇಲ್ಲ" ಎಂದು ಅವನು ಎಡಗೈಯಿಂದ ಉರಿ ಏರಿಸಿದ. ಸ್ವಲ್ಪ ಕಾದು, ಬಲಗೈಯನ್ನು ಮತ್ತೆ ಪಾತ್ರೆಗೆ ಆನಿಸಿ ನಿಂತ. ಈ ಸಲವೂ ಏನೂ ಗೊತ್ತಾಗಲಿಲ್ಲ. ಹಾಳು ಗ್ಯಾಸು ಮುಗಿದಿರಬೇಕೆಂದು ಬೈದುಕೊಳ್ಳುತ್ತಿದ್ದಾಗ ಸಕ್ಕರೆ ಸೀದ ವಾಸನೆ ಬಂತು.

"ತಾತ, ಕೈ" ಎಂದಳು ಇನ್‌ಸ್ಪೆಕ್ಟರ್.

"ಯಾವ ಕೈ?"

ಅವಳು ಗೆರೆ ದಾಟಿ ಬಂದು, ಅವನ ತೋಳನ್ನು ಹಿಂದಕ್ಕೆ ಎಳೆದು, ಒಲೆ ಆರಿಸಿ, ಅವನನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋದಳು. ನೀರಿನ ಕೆಳಗೆ ಹಿಡಿದಾಗ ತಾತ ನೋಡಿದ. ಕೈಯ ಹಿಂಬದಿ ಕೆಂಪಾಗಿ, ಎರಡು ಕಡೆ ಬೊಬ್ಬೆ ಎದ್ದಿತ್ತು. ಅವನಿಗೆ ಅದು ಬೇರೆ ಯಾರದೋ ಕೈಯಂತೆ ಕಂಡಿತು.

"ನೋವಾಗ್ತಿದೆಯಾ?"

"ಇಲ್ಲ."

"ಒಂಚೂರೂ?"

"ಒಂಚೂರೂ ಇಲ್ಲಮ್ಮ."

ಅಲ್ಲಿಯವರೆಗೆ ಗಟ್ಟಿಯಾಗಿದ್ದ ಹುಡುಗಿ ಆ ಮಾತಿಗೆ ಅಳತೊಡಗಿದಳು. ಅಕ್ಕ ಅತ್ತಳೆಂದು ಗುಂಡನೂ ಶುರು ಮಾಡಿದ. ಅತ್ತರೂ ಅವಳು ಕೈ ಬಿಡಲಿಲ್ಲ, ನಲ್ಲಿ ನಿಲ್ಲಿಸಲೂ ಇಲ್ಲ. ತಾತ ತೆಗೆಯಲು ಹೋದಾಗ "ಇನ್ನೂ ಇಡಿ, ಅಮ್ಮ ಹೇಳಿಕೊಟ್ಟಿದಾಳೆ" ಎಂದು ಮೂಗೆಳೆದುಕೊಂಡಳು.

ಕಣ್ಣು ಒರೆಸಿಕೊಂಡ ಮೇಲೆ ಅವಳು ಮೆಲ್ಲಗೆ ಹೇಳಿದಳು. "ಅಮ್ಮಂಗೆ ಹೇಳೋದು ಬೇಡ. ನೀವು ಬೆರಳವರೆಗೆ ಬರೋ ಆ ಉದ್ದ ತೋಳಿನ ಶರ್ಟ್ ಹಾಕ್ಕೊಳ್ಳಿ. ಗುಂಡನ ಬಾಯಿ ನಾನು ನೋಡ್ಕೋತೀನಿ. ಗೊತ್ತಾದ್ರೆ ನಮ್ಮನ್ನ ಆಂಟಿ ಮನೆಗೆ ಕಳಿಸಿಬಿಡ್ತಾಳೆ."

ತಾತನಿಗೆ ಆಸೆಯಾಯಿತು. ಯಾರಿಗೆ ತಾನೇ ಆಗುವುದಿಲ್ಲ? ಉದ್ದ ತೋಳಿನ ಶರ್ಟು ಗೂಟದಲ್ಲೇ ತೂಗುತ್ತಿತ್ತು. ಆದರೆ ಇವತ್ತು ತಾತನ ಸುಟ್ಟ ಕೈ ಮುಚ್ಚಿಟ್ಟ ಮಕ್ಕಳು ನಾಳೆ ತಾತ ಬಿದ್ದದ್ದನ್ನೂ ಮುಚ್ಚಿಡುತ್ತವೆ. ಬಾಗಿಲು ಹಾಕಿಕೊಂಡು, ಬಿದ್ದವನ ಪಕ್ಕದಲ್ಲಿ ಕೂತು, ಅಮ್ಮ ಬರುವ ಮುಂಚೆ ಏಳಲಿ ಎಂದು ಕಾಯುತ್ತವೆ.

"ಬೇಡ. ನಾನೇ ಹೇಳ್ತೀನಿ" ಎಂದ. "ನಂಗೇನಾದ್ರೂ ಆದ್ರೆ ನೀವು ಯಾವತ್ತೂ ಮುಚ್ಚಿಡಬಾರದು. ತಿಳೀತಾ? ಈಗ ಬನ್ನಿ. ಅರ್ಧ ಚೀಲ ಹಾಗೇ ಇದೆ, ಅದನ್ನ ಯಾರು, ನಿಮ್ಮಜ್ಜಿ ಬಂದು ಮಾಡ್ತಾಳಾ?"

"ಮತ್ತೆ ಮಾಡ್ತೀರಾ?"

"ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ ನಂಗೆ."

ಇನ್‌ಸ್ಪೆಕ್ಟರ್ ತನ್ನ ಜಡೆಯಿಂದ ಕೆಂಪು ರಬ್ಬರ್ ಬ್ಯಾಂಡ್ ಬಿಚ್ಚಿ ತಾತನ ಎಡ ಮಣಿಕಟ್ಟಿಗೆ ತೊಡಿಸಿದಳು. "ಬಿಸಿ ನೋಡೋದು ಕೆಂಪಿರೋ ಕೈಯಲ್ಲಿ. ಇನ್ನೊಂದು ಕೈ ಜೇಬಲ್ಲಿ." ಸುಟ್ಟ ಕೈಗೆ ಒದ್ದೆ ಬಟ್ಟೆ ಸುತ್ತಿದ್ದರಿಂದ ಅದು ಜೇಬಿಗೆ ಹಿಡಿಸಲಿಲ್ಲ. ತಾತನ ಕತ್ತಿಗೆ ಒಂದು ಟವೆಲ್ ಕಟ್ಟಿ ತೊಟ್ಟಿಲು ಮಾಡಿ ಅದರಲ್ಲಿ ಕೈಯನ್ನು ಮಲಗಿಸಿದರು. ಸೀದು ಹೋದ ತಳವನ್ನು ಕೆರೆಯದೆ, ಮೇಲಿನ ಹೋಳುಗಳನ್ನಷ್ಟೇ ಬೇರೆ ಪಾತ್ರೆಗೆ ತೆಗೆದರು. ಉಳಿದ ಸೇಬುಗಳನ್ನೂ ಮೊಳೆಗೆ ಚುಚ್ಚಿ ಸುಲಿದು ಸೇರಿಸಿದರು. ಗುಂಡ ಗೆರೆಯಾಚೆಯಿಂದ ಒಲೆಯ ಮೇಲೆ ಕಣ್ಣಿಟ್ಟು, ಹಬೆ ಕಂಡಾಗಲೆಲ್ಲ "ಕೆಂಪು ಕೈ, ಕೆಂಪು ಕೈ" ಎಂದು ಕೂಗಿದ. ಬೆಂದದ್ದನ್ನು ಕೆಳಗಿಳಿಸಿ ಆರಿಸಿದ ಮೇಲೆ ಮಸೆಯುವ ಕೆಲಸ ಅವನದೇ ಆಯಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ಅವನಿಗೆ ಮೊಣಕೈ, ಮೂಗು, ಕಿವಿಯವರೆಗೂ ಮೊಸರಾಗಿತ್ತು. ಸಾಸ್ ಬಾಟಲಿ ಸೇರಿತು.

ಸಂಜೆ ಬಾಗಿಲ ಸದ್ದಾದಾಗ, ಮಗಳು ಚಪ್ಪಲಿ ಬಿಡುವ ಮೊದಲೇ ತಾತ ಎದುರಿಗೆ ಹೋಗಿ ನಿಂತ. "ಕೈ ಸುಟ್ಕೊಂಡಿದೀನಿ. ಸುಡ್ತಾ ಇರೋದು ನಂಗೆ ಗೊತ್ತೇ ಆಗ್ಲಿಲ್ಲ. ನೋಡಿದ್ದು, ಒಲೆ ಆರಿಸಿದ್ದು, ನೀರಲ್ಲಿ ಹಿಡಿದಿದ್ದು ನಿನ್ನ ಮಗಳು. ಮಕ್ಕಳಿಗೇನೂ ಆಗಿಲ್ಲ."

ಅವಳು ಔಷಧಿ ಪೆಟ್ಟಿಗೆ ತಂದು, ಮುಲಾಮು ಹಚ್ಚಿ, ಪಟ್ಟಿ ಕಟ್ಟಿದಳು.

"ಇದಕ್ಕೇ ಅಪ್ಪ ನಾನು ಹೆದರಿದ್ದು" ಎಂದಳು ಕೊನೆಗೆ. "ನೀವು ಮಕ್ಕಳನ್ನ ನೋಡ್ಕೊಳ್ಳಲ್ಲ ಅಂತಲ್ಲ. ನಿಮಗೇನಾದ್ರೂ ಆದ್ರೆ, ಇವೆರಡೇ ನಿಂತ್ಕೊಂಡು ನೋಡಬೇಕಲ್ಲ ಅಂತ."

"ನಿಂತ್ಕೊಂಡು ನೋಡ್ಲಿಲ್ಲ" ಎಂದ ತಾತ. "ನೀನು ಒಲೆ ಮುಟ್ಟಬೇಡ ಅನ್ನು, ಇವತ್ತಿಂದ ನೀನಿಲ್ಲದಾಗ ಮುಟ್ಟಲ್ಲ. ಮಧ್ಯಾಹ್ನ ತಣ್ಣಗಿರೋದನ್ನೇ ತಿಂತೀವಿ. ಆದ್ರೆ ಇವರನ್ನ ಕಳಿಸಿಬಿಟ್ರೆ ನಾನು ಆರಾಮಾಗಿರಲ್ಲ ಕಣಮ್ಮ. ಮೂಲೆ ಸೇರ್ತೀನಿ."

"ಉದ್ದ ತೋಳು ಹಾಕ್ಕೊಂಡಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ" ಎಂದಳು ಮಗಳು, ಗೂಟದಲ್ಲಿದ್ದ ಶರ್ಟು ನೋಡಿ.

"ಮುಚ್ಚಿಡೋ ಮುದುಕನ ಹತ್ರ ನೀನು ಮಕ್ಕಳನ್ನ ಬಿಡ್ತೀಯಾ?"

ಮಗಳು ಎದ್ದು ಅಡುಗೆಮನೆಗೆ ಹೋದಳು. ಚಮಚ ಬಾಟಲಿಗೆ ತಾಗಿದ ಸದ್ದು ಕೇಳಿಸಿತು. ಮಕ್ಕಳಿಬ್ಬರೂ ತಾತನ ಎರಡು ಪಕ್ಕಕ್ಕೆ ಒತ್ತಿಕೊಂಡು ಕೂತರು. ಒಳಗಿನಿಂದ ಅವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಆಂಟಿ, ಸೋಮವಾರ ಮಕ್ಕಳು ಬರಲ್ಲ. ಇಲ್ಲ ಇಲ್ಲ, ಹುಷಾರಾಗಿದಾರೆ. ನೋಡ್ಕೊಳ್ಳೋಕೆ ಮನೇಲಿ ನಮ್ಮಪ್ಪ ಇದ್ದಾರೆ."

ತಾತ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಗುಂಡ ಬಗ್ಗಿ ಅವನ ಮುಖ ನೋಡಿದ, ಪಟ್ಟಿ ಕಟ್ಟಿದ ಕೈ ನೋಡಿದ, ಮತ್ತೆ ಮುಖ ನೋಡಿದ. ಆಮೇಲೆ ಅಡುಗೆಮನೆಗೆ ಓಡಿ, ಅಮ್ಮನಿಗೆ ಸಂತೋಷದ ಸುದ್ದಿ ಹೇಳಿದ.

"ಅಮ್ಮ, ತಾತನ ಕೈ ಸರಿಹೋಯ್ತು. ಈಗ ನೋವಾಗ್ತಿದೆ, ಅಳ್ತಾ ಇದ್ದಾರೆ."