ಸಂದೇಶನಿಗೂ ಒಂದು ವೀಸಾ ಬೇಕು

ಬೆಳಿಗ್ಗೆ ಆರು ಗಂಟೆಗೆ ವಿಸ್ಮಿತಾ ಲ್ಯಾಪ್‌ಟಾಪ್ ಮುಚ್ಚುತ್ತಾಳೆ. ಅದೇ ಹೊತ್ತಿಗೆ ಗಂಡ ಸಂದೇಶ ಎದ್ದು ಮುಖ ತೊಳೆಯುತ್ತಾನೆ. ಅವನು ಚಹಾ ಕುಡಿದು ಪಂಪ್ ರಿಪೇರಿ ಕೆಲಸಕ್ಕೆ ಹೊರಡುವಾಗ ಅವಳು ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗುತ್ತಾಳೆ. ವಾಮದಪದವಿನ ಆ ಮನೆಯಲ್ಲಿ ಐದು ವರ್ಷದಿಂದ ಹೀಗೆಯೇ.

ವಿಸ್ಮಿತಾಳದ್ದು ಅಮೆರಿಕದ ಆಸ್ಪತ್ರೆಗಳ ಬಿಲ್ ಪರಿಶೀಲಿಸುವ ಕೆಲಸ. ಅಲ್ಲಿ ಹಗಲಾದಾಗ ಇಲ್ಲಿ ರಾತ್ರಿ. ಹಗಲು ಮಲಗುವ ಅಂದರೆ ಅತ್ತೆ, ಸಂದೇಶನ ಅಣ್ಣ, ಅತ್ತಿಗೆ, ಅವರ ಮೂರು ಮಕ್ಕಳು ತುಂಬಿದ ಮನೆ. ಮಿಕ್ಸಿ ತಿರುಗುತ್ತದೆ, ಮೀನಿನ ಗಾಡಿ ಹಾರ್ನ್ ಹೊಡೆಯುತ್ತದೆ. ಮೂವತ್ತೊಂದನೇ ವಯಸ್ಸಿಗೆ ಅವಳಿಗೆ ಬಿಪಿ ಬಂತು. ಮೂಡುಬಿದಿರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟು ಹೇಳಿದರು, "ಮಾತ್ರೆಗಿಂತ ನಿಮಗೆ ರಾತ್ರಿ ನಿದ್ದೆ ಬೇಕಮ್ಮ."

ಯುರೋಪಿಗೆ ಹೋದರೆ ಇದೇ ಕೆಲಸ ಸಂಜೆ ಶುರುವಾಗಿ ರಾತ್ರಿ ಒಂದೂವರೆಗೆ ಮುಗಿಯುತ್ತದೆ. ಆಮೇಲೆ ಕತ್ತಲಿರುವಾಗಲೇ ಮಲಗಬಹುದು. ಅವಳ ಜೊತೆ ಕೆಲಸ ಮಾಡುವ ಒಬ್ಬಳು ಹೀಗೆ ಹೋಗಿದ್ದಳು. ವಿಸ್ಮಿತಾಳಿಗೂ ಅದೇ ಆಸೆ ಹುಟ್ಟಿತು.

ಸಂದೇಶ ಪೇಟೆಯ ಒಬ್ಬ ಏಜೆಂಟನನ್ನು ಕಂಡು ಬಂದ. "ಬಹಳ ಸುಲಭ ಅಂತೆ. ಇಬ್ಬರೂ ಟೂರಿಸ್ಟ್ ವೀಸಾದಲ್ಲಿ ಹೋಗುದು. ಅಲ್ಲಿಗೆ ಹೋದ ಮೇಲೆ ಬದಲಾಯಿಸಿ ಕೊಡ್ತಾರಂತೆ. ನನಗೆ ಅಲ್ಲಿ ಹೋಟೆಲಿನಲ್ಲಿ ಕೆಲಸವೂ ಸಿಗ್ತದಂತೆ."

"ಹೌದಾ? ಅಷ್ಟು ಸುಲಭ ಉಂಟಾ?" ಎಂದಳು ವಿಸ್ಮಿತಾ.

"ಪಾಸ್‌ಪೋರ್ಟ್ ಎರಡೂ ಕೊಟ್ಟು ಬಂದಿದ್ದೇನೆ."

ವಿಸ್ಮಿತಾ ಏನೋ ಕೇಳಲು ಹೊರಟವಳು ಕೇಳದೆ ಹೋಗಿ ಮಲಗಿದಳು. ಕಣ್ಣು ಎಳೆಯುತ್ತಿತ್ತು. ಯಾರಾದರೂ ಮಾಡಿಕೊಟ್ಟರೆ ಸಾಕು ಅನ್ನಿಸುವಷ್ಟು ದಣಿದಿದ್ದಳು.

ಒಂದು ಶನಿವಾರ ಇಬ್ಬರೂ ಫೋಟೊ ತೆಗೆಸಿಕೊಳ್ಳಲು ಫರಂಗಿಪೇಟೆಗೆ ಹೋದರು. ಫೋಟೊ ಅಂಗಡಿಯ ಪಕ್ಕದಲ್ಲೇ ಆಯಿಶಮ್ಮನ ಅರ್ಜಿ ತುಂಬಿಸುವ ಅಂಗಡಿ. ಆಯಿಶಮ್ಮ ಇಪ್ಪತ್ತು ವರ್ಷ ಗಂಡನ ಜೊತೆ ಗಲ್ಫಿನಲ್ಲಿದ್ದು ಬಂದವರು. ಊರಿನ ಅರ್ಧ ಜನರ ವೀಸಾ ಕಾಗದ ಅವರ ಕೈ ದಾಟಿ ಹೋಗಿದೆ. ಆಧಾರಿನ ಪ್ರತಿ ತೆಗೆಸಲು ಒಳಗೆ ಬಂದವರನ್ನು ಅವರೇ ಕೇಳಿದರು, "ಯಾವ ವೀಸಾ ಮಗಳೇ?"

ವಿಸ್ಮಿತಾ ಹೇಳಿದಳು. ಆಯಿಶಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಳಿದ ಕೂಡಲೇ ಕೌಂಟರಿನಲ್ಲಿ ಯಾಕೆ ಬಂದದ್ದು ಅಂತ ಕೇಳ್ತಾರೆ. ಆಗ ಎಂತ ಹೇಳ್ತೀ?"

"ಊರು ನೋಡಲಿಕ್ಕೆ ಅಂತ..." ಎಂದ ಸಂದೇಶ.

"ನನ್ನ ಮಗ ನಿಝಾಮ್ ಹಾಗೇ ಹೇಳಿದ. ಬ್ಯಾಗಿನಲ್ಲಿ ಆಫೀಸಿನ ಲ್ಯಾಪ್‌ಟಾಪ್ ಇತ್ತು, ಫೋನಿನಲ್ಲಿ ಕೆಲಸದ ಮೆಸೇಜ್ ಇತ್ತು. ಹದಿನಾಲ್ಕು ಗಂಟೆ ಒಂದು ಕೋಣೆಯಲ್ಲಿ ಕೂರಿಸಿ ವಾಪಸು ಕಳಿಸಿದರು. ಅವನ ಹೆಂಡತಿಯೂ ಜೊತೆಗೆ ಇದ್ದಳು. ಅವಳು ಎಂತ ತಪ್ಪು ಮಾಡಿದ್ದು?" ಆಯಿಶಮ್ಮನ ಧ್ವನಿ ಏರಲಿಲ್ಲ. ಈ ಮಾತನ್ನು ಅವರು ಎಷ್ಟೋ ಸಲ ಹೇಳಿದವರಂತಿದ್ದರು. "ಈಗ ಯಾವ ದೇಶದ ಅರ್ಜಿ ತೆಗೆದರೂ ಒಂದು ಪ್ರಶ್ನೆ ಇರ್ತದೆ, ನಿಮ್ಮನ್ನು ಎಲ್ಲಾದರೂ ತಡೆದದ್ದುಂಟಾ ಅಂತ. ಪ್ರತಿ ಸಲ ಹೌದು ಅಂತ ಬರೀಬೇಕು. ಸುಳ್ಳು ಬರೆದರೆ ಇನ್ನೂ ಕಷ್ಟ."

"ಹಾಗಾದರೆ ಹೋಗಲಿಕ್ಕೇ ಆಗುದಿಲ್ವಾ?" ಎಂದು ವಿಸ್ಮಿತಾ ಕೇಳಿದಳು. ಅಳು ಬರುವುದರಲ್ಲಿತ್ತು.

"ಯಾಕಾಗುದಿಲ್ಲ? ಬೇರೆ ದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆ ಅಂತಲೇ ಕೆಲವು ದೇಶಗಳು ವೀಸಾ ಕೊಡ್ತವೆ. ಅದು ನಿನ್ನ ಹೆಸರಲ್ಲಿ. ಗಂಡನಿಗೆ ಬೇರೆ ಅರ್ಜಿ, ನಿನ್ನ ಅವಲಂಬಿತ ಅಂತ. ಕೆಲವು ಕಡೆ ಇಬ್ಬರೂ ಒಟ್ಟಿಗೆ ಹಾಕಬಹುದು. ಕೆಲವು ಕಡೆ ಒಬ್ಬರು ಹೋದ ಮೇಲೆ ಇನ್ನೊಬ್ಬರನ್ನು ಕರೆಸಿಕೊಳ್ಳಬೇಕು. ಗಂಡನಿಗೆ ಅಲ್ಲಿ ಕೆಲಸ ಮಾಡಲಿಕ್ಕೆ ಬಿಡ್ತಾರಾ, ಅದನ್ನು ಬೇರೆಯೇ ನೋಡಬೇಕು. ಎಲ್ಲ ಕಡೆ ಬಿಡುದಿಲ್ಲ."

"ಏಜೆಂಟ್ ಹೋಟೆಲಿನಲ್ಲಿ ಕೆಲಸ ಅಂದಿದ್ದರಲ್ಲ!" ಎಂದ ಸಂದೇಶ.

"ಅವರು ಬರೆದು ಕೊಟ್ಟಿದ್ದಾರಾ ಮಾರಾಯಾ?"

ಸಂದೇಶ ಇಲ್ಲವೆಂದು ತಲೆಯಾಡಿಸಿದ.

"ಮೊದಲು ಪಾಸ್‌ಪೋರ್ಟ್ ವಾಪಸು ತನ್ನಿ. ಮತ್ತೆ ಮಾತಾಡುವ. ಮದುವೆ ರಿಜಿಸ್ಟರ್ ಮಾಡಿಸಿದ್ದೀರಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು.

ಪಾಸ್‌ಪೋರ್ಟಿಗಾಗಿ ಸಂದೇಶ ನಾಲ್ಕು ಸಲ ಪೇಟೆಗೆ ಹೋದ. ಒಮ್ಮೆ ಏಜೆಂಟ್ ಊರಲ್ಲಿಲ್ಲ, ಒಮ್ಮೆ ಕಪಾಟಿನ ಕೀ ಇಲ್ಲ. ನಾಲ್ಕನೇ ಸಲ ಪೊಲೀಸಿಗೆ ದೂರು ಬರೆದುಕೊಡುತ್ತೇನೆ ಎಂದಾಗ ಅದೇ ಮೇಜಿನ ಡ್ರಾಯರಿನಿಂದ ಎರಡೂ ಹೊರಗೆ ಬಂದವು.

ಮದುವೆ ನೋಂದಣಿಯ ಮಾತು ಕೇಳಿ ಸಂದೇಶನ ತಾಯಿ ಸೇಸಮ್ಮನಿಗೆ ಸಿಟ್ಟು ಬಂತು.

"ಏಳುನೂರು ಜನ ಊಟ ಮಾಡಿ ಹೋಗಿದ್ದಾರೆ. ಈಗ ಸರ್ಕಾರದ ಹತ್ತಿರ ಹೋಗಿ ಇವರು ಗಂಡ ಹೆಂಡತಿ ಅಂತ ಬರೆಸಬೇಕಾ?"

"ಆ ದೇಶದವರು ನಮ್ಮ ಊಟಕ್ಕೆ ಬಂದಿರಲಿಲ್ಲ ಅತ್ತೆ," ಎಂದಳು ವಿಸ್ಮಿತಾ. "ಅವರಿಗೆ ಕಾಗದ ಬೇಕು. ಆಲ್ಬಮ್ ತೋರಿಸಿದರೆ ಆಗುದಿಲ್ಲ."

ಬಂಟ್ವಾಳದ ನೋಂದಣಿ ಕಚೇರಿಗೆ ಹೋದರೆ ಇನ್ನೊಂದು ತೊಡಕು. ಆಧಾರಿನಲ್ಲಿ ವಿಸ್ಮಿತಾಳ ಹೆಸರಿಗೆ ಇನಿಶಿಯಲ್ ಇತ್ತು, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಸರಿಮಾಡಿಸಲು ಒಂದೂವರೆ ತಿಂಗಳು. ಆಮೇಲೆ ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಸಹಿ ಹಾಕಿ ಪ್ರಮಾಣಪತ್ರ ತಂದರು. ಅದು ಹೊರದೇಶದಲ್ಲಿ ನಡೆಯಬೇಕಾದರೆ ಭಾರತ ಸರ್ಕಾರದ ಅಪೊಸ್ಟಿಲ್ ಎಂಬ ಮುದ್ರೆ ಬೇಕು. ಅದಕ್ಕೂ ಕಾದರು.

ಇದೆಲ್ಲ ಆಗುವಾಗಲೂ ವಿಸ್ಮಿತಾಳ ರಾತ್ರಿ ಕೆಲಸ ನಿಲ್ಲಲಿಲ್ಲ. ಕಚೇರಿಯ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಟೋಕನ್ ಕೂಗಿದಾಗ ಸಂದೇಶ ಭುಜ ಮುಟ್ಟಿ ಎಬ್ಬಿಸುತ್ತಿದ್ದ.

ತನ್ನ ಕಂಪನಿಗೂ ಪತ್ರ ಬರೆದಳು. ಎಲ್ಲಿ ಬೇಕಾದರೂ ಕೂತು ಕೆಲಸ ಮಾಡಬಹುದು ಎಂದೇ ಅವಳು ತಿಳಿದಿದ್ದಳು. ಹಾಗಿರಲಿಲ್ಲ. ತೆರಿಗೆಯ ಕಾರಣಕ್ಕೆ ಕಂಪನಿ ಎರಡೇ ದೇಶಗಳಿಗೆ ಒಪ್ಪಿತು. ಅವಳು ಮನಸ್ಸಿನಲ್ಲಿಟ್ಟಿದ್ದ ದೇಶ ಅದರಲ್ಲಿರಲಿಲ್ಲ. ಒಪ್ಪಿದ್ದರಲ್ಲಿ ಒಂದನ್ನು ಆರಿಸಿಕೊಂಡಳು.

ಕೊನೆಗೆ ಆಯಿಶಮ್ಮನ ಮೇಜಿನ ಮುಂದೆ ಸಂದೇಶನ ಅರ್ಜಿಯ ಕರಡು ತುಂಬಿಸಿದರು. ವರ್ಗ: ಅವಲಂಬಿತ. ಕೆಲಸ ಮಾಡುವ ಅನುಮತಿ: ಮೊದಲು ಇಲ್ಲ, ಅಲ್ಲಿಗೆ ಹೋದ ಮೇಲೆ ಬೇರೆ ಅರ್ಜಿ.

ಸಂದೇಶ ಪೆನ್ನು ಕೆಳಗಿಟ್ಟ. "ಇದು ಬೇಡ. ನೀನು ಒಬ್ಬಳೇ ಹೋಗು."

ಮನೆಗೆ ಬಂದು ಎರಡು ದಿನ ಅವನು ಹೆಚ್ಚು ಮಾತಾಡಲಿಲ್ಲ. ಮೂರನೇ ದಿನ ಮಧ್ಯಾಹ್ನ ಸೇಸಮ್ಮನೇ ಕೇಳಿದರು, "ಎಂತ ಆಯ್ತು ನಿನಗೆ?"

"ಹೆಂಡತಿಯ ಅವಲಂಬಿತ ಅಂತ ಬರೀಬೇಕಂತೆ. ಹದಿನೆಂಟು ವರ್ಷಕ್ಕೆ ಸ್ಪ್ಯಾನರ್ ಹಿಡಿದವ ನಾನು. ಅಲ್ಲಿ ಹೋಗಿ ಮನೆಯಲ್ಲಿ ಕೂರುದಾ?"

ಸೇಸಮ್ಮ ಅವನ ಎದುರು ಬಂದು ಕೂತರು. "ರೇಷನ್ ಕಾರ್ಡಿನಲ್ಲಿ ಮೊದಲು ನಿನ್ನ ಅಜ್ಜನ ಕೆಳಗೆ ನನ್ನ ಹೆಸರು. ಮತ್ತೆ ನಿನ್ನ ಅಪ್ಪನ ಕೆಳಗೆ. ಈ ಮನೆಯ ಕೆಲಸ ಮುಕ್ಕಾಲು ನಾನೇ ಮಾಡಿದ್ದು. ಯಾರ ಕೆಳಗೆ ಬರೆದಿದ್ದಾರೆ ಅಂತ ನಾನು ಒಂದು ದಿನ ಊಟ ಬಿಟ್ಟದ್ದುಂಟಾ?"

ಸೇಸಮ್ಮ ವಿಸ್ಮಿತಾ ಮಲಗಿದ್ದ ಕೋಣೆಯ ಕಡೆ ಕೈ ತೋರಿಸಿದರು.

"ಆ ಹುಡುಗಿಗೆ ಹುಷಾರಿಲ್ಲ. ಒಬ್ಬಳೇ ಹೋದರೆ ನೋಡುದು ಯಾರು? ಹೋಗಿ ಸಹಿ ಹಾಕು."

ಮರುದಿನ ಅವನು ಪಂಪಿನ ಅಂಗಡಿಗೆ ರಜೆ ಹೇಳಿ ಫರಂಗಿಪೇಟೆಯ ಬಸ್ಸು ಹತ್ತಿದ.

ಆಯಿಶಮ್ಮನನ್ನು ಕಂಡ ಮೊದಲ ದಿನದಿಂದ ಲೆಕ್ಕ ಹಾಕಿದರೆ ಎಂಟು ತಿಂಗಳಿಗೆ ವಿಸ್ಮಿತಾಳ ವೀಸಾ ಬಂತು. ಆ ದೇಶದ ನಿಯಮದಂತೆ ಅವಳು ಮೊದಲು ಹೋಗಿ, ಮನೆ ಬಾಡಿಗೆಗೆ ಹಿಡಿದು, ಅಲ್ಲಿಂದ ಗಂಡನ ಕಾಗದ ಮುಂದುವರಿಸಬೇಕಾಯಿತು. ಸಂದೇಶ ನಾಲ್ಕು ತಿಂಗಳು ಬಿಟ್ಟು ಹೊರಟ. ಅಲ್ಲಿಯ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಯಾಕೆ ಬಂದದ್ದು ಎಂದು ಕೇಳಿದರು. "ಹೆಂಡತಿಯ ಜೊತೆ ಇರಲಿಕ್ಕೆ," ಎಂದು ಕಲಿತಿದ್ದ ಇಂಗ್ಲಿಷಿನಲ್ಲಿ ಹೇಳಿ ಕಾಗದ ಮುಂದಿಟ್ಟ. ಅಧಿಕಾರಿ ಮುದ್ರೆ ಒತ್ತಿದರು. ಅವನ ಕೆಲಸದ ಅನುಮತಿ ಇನ್ನೂ ಬಂದಿಲ್ಲ. ಅಲ್ಲಿಯ ಭಾಷೆಯ ತರಗತಿಗೆ ಹೋಗುತ್ತಿದ್ದಾನೆ. ವಿಸ್ಮಿತಾಳ ಬಿಪಿ ಪೂರ್ತಿ ಇಳಿದಿಲ್ಲ, ಆದರೆ ಒಂದು ಮಾತ್ರೆ ಕಡಿಮೆಯಾಗಿದೆ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇಲ್ಲಿ ದೇಶದ ಹೆಸರು ಹೇಳದೆ ಇರುವುದಕ್ಕೆ ಕಾರಣವಿದೆ. ನಿಯಮ ಒಂದೊಂದು ದೇಶಕ್ಕೆ ಒಂದೊಂದು, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆ ದೇಶದ ರಾಯಭಾರ ಕಚೇರಿಯ ಸ್ವಂತ ವೆಬ್‌ಸೈಟಿನಲ್ಲೇ ನೋಡಿ. ಓದಲು ಬಾರದಿದ್ದರೆ ತಿಳಿದವರಿಂದ ಓದಿಸಿಕೊಳ್ಳಿ. ಕಂಪನಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಸಂಬಳದ ದಾಖಲೆ, ಇಬ್ಬರ ಆರೋಗ್ಯ ವಿಮೆ ಕೇಳುತ್ತಾರೆ, ಮೊದಲೇ ಸಿದ್ಧವಿಡಿ. ಜೊತೆಗೆ ಬರುವವರು ಅಲ್ಲಿ ದುಡಿಯಬಹುದೇ ಎಂದು ಟಿಕೆಟಿಗೆ ಮುಂಚೆ ಕೇಳಿ. ಪಾಸ್‌ಪೋರ್ಟನ್ನು ಅಧಿಕೃತ ವೀಸಾ ಕೇಂದ್ರಕ್ಕಲ್ಲದೆ ಯಾರ ಡ್ರಾಯರಿಗೂ ಕೊಡಬೇಡಿ.

ದೂರದ ಪ್ರಯಾಣದ ಯೋಚನೆ ಇಲ್ಲದಿದ್ದರೂ ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮದುವೆ ನೋಂದಣಿ ಆಗಿದೆಯೇ, ಇಬ್ಬರ ಹೆಸರೂ ಎಲ್ಲ ಕಾಗದದಲ್ಲಿ ಒಂದೇ ರೀತಿ ಇದೆಯೇ ನೋಡಿ. ಇಲ್ಲವಾದರೆ ಸೋಮವಾರವೇ ಕಚೇರಿಗೆ ಹೋಗಿ. ಹೋಗುವಾಗ ಇಬ್ಬರೂ ಹೋಗಿ.