ಮಾವನ ಹೆಸರಿನ ಊರು

‘ಬಾಯಿ ಬಿಡ್ರೇ, ಮುಂಡೇವಾ. ಹಸಿದ ಕತ್ತೆಕಿರುಬದ ಹಾಗೆ ಗೊಣಗ್ತೀರಲ್ಲ. ಇನ್ನೊಂದ್ಸಲ. ಯಾವ ಊರಿದು?’

‘ಪಾನ್‌ಚುವೇ,’ ಎಂದೆವು.

‘ಯಾವ ದೇಶದ್ದು?’

‘ದಕ್ಷಿಣದ್ದು.’

‘ಎಣ್ಣೆ ಯಾರದ್ದು?’

‘ನಮ್ಮದು’ ಎನ್ನಬೇಕಿತ್ತು. ಎಲ್ಲರೂ ಹಾಗೇ ಎಂದರು. ನನ್ನ ಪಕ್ಕದಲ್ಲಿ ಮಗುವಿಗೆ ಮೊಲೆ ಕೊಡುತ್ತ ಕೂತಿದ್ದ ಅಜೋಕ್ ಮಾತ್ರ ‘ನಿಮ್ಮದು’ ಎಂದಳು. ಕಮಿಷನರ್ ಲುವಾಲನ ಕಿವಿಗೆ ಅದು ಬೀಳಲಿಲ್ಲವೋ, ಬಿದ್ದರೂ ಅದೇ ಸರಿಯಾದ ಉತ್ತರ ಅನ್ನಿಸಿತೋ, ತಲೆಯಾಡಿಸಿದ.

ಅವನು ನಮ್ಮ ಜಿಲ್ಲೆಗೆ ಕಮಿಷನರ್ ಆದಮೇಲೆ ಊರಿಗೆ ಕಾಲಿಟ್ಟದ್ದು ಅದೇ ಮೊದಲು. ರಾಜಧಾನಿಯ ಹೋಟೆಲಿನಿಂದಲೇ ನಮ್ಮನ್ನು ಆಳುತ್ತಿದ್ದ. ಬರುವಾಗ ಲಾರಿಯಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ನೀರಿನ ಬಾಟಲಿಗಳನ್ನು ತಂದಿದ್ದ. ಬಾಟಲಿಗಳು ಇಳಿಯುವಾಗ ಮಕ್ಕಳು ಹತ್ತಿರ ಹೋದವು. ‘ಅತಿಥಿಗಳಿಗೆ’ ಎಂದು ಸಿಪಾಯಿಯೊಬ್ಬ ಕೋಲಿನಿಂದ ದೂಡಿದ. ಅತಿಥಿಗಳು ಇನ್ನೂ ಬಂದಿರಲಿಲ್ಲ. ಸಿಪಾಯಿಯೇ ಒಂದು ಬಾಟಲಿ ಬಿಚ್ಚಿ ಮುಖ ತೊಳೆದುಕೊಂಡ.

ಊರಿನ ಮಗ್ಗುಲಲ್ಲೇ ಕಂಪನಿಯ ಏರಿ ರಸ್ತೆ. ಆಳೆತ್ತರಕ್ಕೆ ಕೆಂಪು ಮಣ್ಣು ಸುರಿದು, ಒಂದು ಎಣ್ಣೆ ಬಾವಿಯಿಂದ ಇನ್ನೊಂದಕ್ಕೆ ಎಳೆದದ್ದು. ಯುದ್ಧ ಬಂದು ಅದರ ಬುಡದಲ್ಲಿ ನಿಂತಿತು, ಏರಿಯೇ ಗಡಿಯಾಯಿತು. ಆಚೆಗೆ ಉತ್ತರದ ಸೈನ್ಯ, ಈಚೆಗೆ ನಮ್ಮದು ಎನ್ನುವ ಸೈನ್ಯ. ಎರಡೂ ಕಡೆ ನೆಂಟಸ್ತನ ಇದ್ದದ್ದು ಕಂಪನಿಗೆ ಮಾತ್ರ. ನಮ್ಮ ಹಳ್ಳ ಹರಿದು ಬರುತ್ತಿದ್ದುದು ಆಚೆಯಿಂದ. ಏರಿ ಕಟ್ಟಿದವರು ನೀರಿಗೊಂದು ಮೋರಿ ಬಿಡಲಿಲ್ಲ. ಮಳೆಗಾಲ ಮುಗಿದರೂ ಆಚೆ ನೀರು ಮಡುಗಟ್ಟಿ ನಿಂತಿರುತ್ತದೆ, ಕೊಕ್ಕರೆ ಇಳಿಯುತ್ತವೆ, ಜೊಂಡು ಬೆಳೆಯುತ್ತದೆ. ಏರಿ ಹತ್ತಿ ನೋಡಬಹುದು, ಇಳಿದರೆ ಗುಂಡು. ಈಚೆ ನಮಗಿರುವುದು ಬಾವಿ ಕೊರೆದವರು ಹೊರಬಿಟ್ಟ ನೀರಿನ ಹೊಂಡ. ಅದರ ಮೇಲೆ ಕಾಮನಬಿಲ್ಲಿನ ಬಣ್ಣ ತೇಲುತ್ತದೆ. ಕುಡಿದ ಹಸುಗಳು ತಿಂಗಳು ತುಂಬುವ ಮೊದಲೇ ಕಂದು ಹಾಕುತ್ತವೆ. ಹೆಂಗಸರದ್ದನ್ನು ಯಾರೂ ಲೆಕ್ಕ ಇಟ್ಟಿಲ್ಲ.

ಕಮಿಷನರ್ ಮಾತು ಕೊಟ್ಟಿದ್ದ. ನೆಲ ಯಾವ ದೇಶದ್ದೆಂದು ತೀರ್ಮಾನಿಸಲು ಬರುವ ಗಡಿ ಸಮಿತಿಯ ಮುಂದೆ ಊರು ಒಂದೇ ದನಿಯಲ್ಲಿ ತನ್ನ ಹೆಸರು ಹೇಳಿದರೆ ಸಾಕು, ಕಂಪನಿಯವರಿಗೆ ಹೇಳಿ ಏರಿಗೆ ಮೋರಿ ಹೊಡೆಸುತ್ತೇನೆ, ಹಳ್ಳ ಈಚೆ ಬರುತ್ತದೆ ಎಂದು. ಆ ಮಾತಿಗಾಗಿ ಊರು ಬೆಳಗಿನಿಂದ ಬಿಸಿಲಲ್ಲಿ ಕೂತು ಕೂಗುತ್ತಿತ್ತು.

ಕೂಗದೆ ಕೂತಿದ್ದವಳು ನನ್ನಜ್ಜಿ ನ್ಯಿಬೊಲ್ ಒಬ್ಬಳೇ.

ಚುವೇ ಎಂದರೆ ನಮ್ಮ ಮಾತಿನಲ್ಲಿ ಹುಣಸೆ. ಪಾನ್‌ಚುವೇ, ಹುಣಸೆಯ ಊರು. ಅದೇ ಮರಕ್ಕೆ ಉತ್ತರದವರು ಅರದೇಬ ಎನ್ನುತ್ತಾರೆ. ಏರಿಯ ಆಚೆ ಅವರು ನೆಟ್ಟ ಫಲಕದಲ್ಲಿ ನಮ್ಮೂರಿನ ಹೆಸರೂ ಅದೇ. ಒಂದು ಮರಕ್ಕಿರುವ ಎರಡು ಹೆಸರು ಹಿಡಿದುಕೊಂಡು ಎರಡು ದೇಶಗಳು ಗುಂಡು ಹಾರಿಸಿಕೊಂಡವು. ಮರವನ್ನಂತೂ ಮೊದಲ ಬಾವಿ ಕೊರೆಯುವಾಗಲೇ ಕಡಿದು ಅಡುಗೆ ಒಲೆಗೆ ಹಾಕಿದ್ದರು.

ಅಜ್ಜಿಯ ತೊಡಕು ಬೇರೆ. ಅವಳ ಮಾವ ಆ ಮರದ ಕೆಳಗೆ ಹುಟ್ಟಿದವನು, ಅವನ ಹೆಸರೂ ಚುವೇ. ನಮ್ಮ ಕುಲದಲ್ಲಿ ಸೊಸೆಯಾದವಳು ಮಾವನ ಹೆಸರು ಎತ್ತುವುದಿಲ್ಲ. ಅವನು ಸತ್ತು ಮಣ್ಣಾದ ಮೇಲಂತೂ ಇಲ್ಲವೇ ಇಲ್ಲ. ಮದುವೆಯಾಗಿ ಬಂದಂದಿನಿಂದ ಅವಳಿಗೆ ಮರವೂ ಅರದೇಬ, ಹಣ್ಣೂ ಅರದೇಬ, ಊರೂ ಅರದೇಬ. ಬೇಸಿಗೆಯಲ್ಲಿ ಉತ್ತರದಿಂದ ದನ ಹೊಡೆದುಕೊಂಡು ಬರುತ್ತಿದ್ದ ಅರಬ್ ಅಲೆಮಾರಿಗಳ ಬಾಯಿಂದ ಎತ್ತಿಕೊಂಡ ಮಾತು ಅದು. ಅವಳ ಓರಗಿತ್ತಿಯರೂ ಹಾಗೇ ಅನ್ನುತ್ತಿದ್ದರು. ಅವರೆಲ್ಲ ಯುದ್ಧದಲ್ಲಿ ಹೋದರು.

ಡಿಗ್ರಿ ಮಾಡಿದವಳು ಎಂದು ನನ್ನನ್ನು ದುಭಾಷಿಯಾಗಿ ನಿಲ್ಲಿಸಿದ್ದರು. ನನ್ನ ದನಿ ಮೇಲೇಳುವುದಿಲ್ಲ. ಕಮಿಷನರ್ ಹತ್ತಿರ ಹೋಗಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಬೇಕಾಯಿತು.

‘ಸರ್, ನಮ್ಮಜ್ಜಿ ಬಾಯಲ್ಲಿ ಮಾತ್ರ ಹೇಳಿಸಬೇಡಿ. ಅವಳಿಗೆ ಆ ಹೆಸರು ಹೇಳೋಕೆ ಆಗಲ್ಲ.’

‘ಯಾಕೆ, ಲಕ್ವ ಹೊಡೆದಿದ್ಯಾ?’

‘ಮಾವನ ಹೆಸರು ಅದು.’

ಅವನು ನಕ್ಕ. ಜೊತೆಗಿದ್ದವರೂ ನಕ್ಕರು, ಏನೆಂದು ತಿಳಿಯುವ ಮೊದಲೇ.

‘ಕೇಳಿದ್ರೇನ್ರಯ್ಯ. ನೆಲದೊಳಗೆ ಒಂದು ದೇಶಕ್ಕಾಗೋವಷ್ಟು ಎಣ್ಣೆ ಇದೆ, ಈ ಮುದುಕಿಗೆ ಸತ್ತ ಮಾವನ ಹತ್ರ ನಾಚಿಕೆ. ಇಂಥವರನ್ನ ಕಟ್ಕೊಂಡು ನಾವು ದೇಶ ಕಟ್ಟಬೇಕು.’ ಆಮೇಲೆ ನನ್ನ ಮುಖ ನೋಡದೆ, ‘ಹಿಂದೆ ಕೂರಿಸು. ಕಣ್ಣಿಗೆ ಬೀಳದ ಹಾಗೆ’ ಎಂದ.

ಅಜ್ಜಿ ಚಿಲುಮೆ ಸೇದುತ್ತ ಕೂತಿದ್ದಳು.

‘ಏನಂದ ಆ ಕೋಟಿನೋನು?’

‘ಹಿಂದಕ್ಕೆ ಕೂತ್ಕಬೇಕಂತೆ.’

‘ಕೂತ್ಕತೀನಿ ಬುಡು. ಮೋರಿ ಹೊಡುಸ್ತಾನಂತಾ?’

‘ಹೊಡುಸ್ತೀನಿ ಅಂದವ್ನೆ.’

‘ಹಂಗಾರೆ ಆ ಹೊಂಡದ ಒಳಗೇ ಕೂತ್ಕೋ ಅಂದ್ರೂ ಕೂತ್ಕತೀನಿ.’

ಸಮಿತಿ ಬಂತು. ಅಧ್ಯಕ್ಷ ಬೇರೆ ಯಾವುದೋ ದೇಶದ ನಿವೃತ್ತ ನ್ಯಾಯಾಧೀಶ. ಬಿಳಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಲೇ ಇದ್ದ. ಏರಿಯ ಆಚೆಯಿಂದ ಉತ್ತರದ ಮೇಜರ್ ಹಮ್ದಾನ್ ಇಳಿದು ಬಂದ. ಅವನೂ ಲುವಾಲನೂ ಕೈ ಕುಲುಕಿ, ಹೆಂಡಿರು ಮಕ್ಕಳ ಕ್ಷೇಮ ವಿಚಾರಿಸಿಕೊಂಡರು. ಇಬ್ಬರ ಮಕ್ಕಳೂ ಪರದೇಶದಲ್ಲಿ ಒಂದೇ ಊರಿನಲ್ಲಿ ಓದುತ್ತಿದ್ದರಂತೆ.

ಊರು ಕೂಗಿತು. ಪಾನ್‌ಚುವೇ. ದಕ್ಷಿಣದ್ದು. ನಮ್ಮದು.

‘ಗಿಳಿಗಳನ್ನ ಚೆನ್ನಾಗಿ ಸಾಕಿದ್ದೀಯ, ಲುವಾಲ್’ ಎಂದ ಮೇಜರ್.

ನ್ಯಾಯಾಧೀಶನಿಗೂ ಬೇಸರವಾಗಿರಬೇಕು. ಬೆರಳನ್ನು ನಮ್ಮೆಲ್ಲರ ತಲೆಯ ಮೇಲಿಂದ ಹಾಯಿಸಿ ಹಿಂದಿನ ಸಾಲಿನ ಕೊನೆಗೆ ನಿಲ್ಲಿಸಿದ.

‘ಆ ವೃದ್ಧೆ. ಅವರಿಗೆ ಯಾರೂ ಏನೂ ಕಲಿಸಿದಂತೆ ಕಾಣುವುದಿಲ್ಲ. ಅವರನ್ನು ಕೇಳೋಣ.’

ಕಮಿಷನರ್ ನನ್ನ ಮೊಣಕೈ ಹಿಡಿದು ಹಿಂಡಿದ. ‘ಹೇಳಿಸ್ತೀಯ. ಇಲ್ಲಾಂದ್ರೆ ಮೋರಿ ಮರೆತುಬಿಡಿ. ಆ ಹೊಂಡದ್ದೇ ಕುಡ್ಕೊಂಡು ಸಾಯಿರಿ.’

ಅಜ್ಜಿಯನ್ನು ಮುಂದೆ ಕರೆತಂದೆ. ಕುರ್ಚಿ ಕೊಟ್ಟರೂ ಅವಳು ನೆಲದ ಮೇಲೇ ಕೂತಳು. ದಾರಿಯಲ್ಲೇ ಅವಳ ಕಿವಿಯಲ್ಲಿ ಹೇಳಿದ್ದೆ, ಒಂದೇ ಒಂದು ಸಲ ಅಂದುಬಿಡು ಅಜ್ಜಿ, ನೀರು ಬರ್ತದೆ ಎಂದು. ‘ನೋಡಾಣ’ ಎಂದಿದ್ದಳು.

‘ಈ ಊರಿನ ಹೆಸರೇನು?’ ಎಂದ ನ್ಯಾಯಾಧೀಶ. ನಾನು ನಮ್ಮ ಮಾತಿಗೆ ತಂದೆ.

ಅಜ್ಜಿ ಏರಿಯ ಕಡೆ ನೋಡಿದಳು. ಅಜೋಕಳ ಮಗುವನ್ನು ನೋಡಿದಳು. ಬಾಯಿ ತೆರೆದಳು. ನಾಲಿಗೆ ಅಂಗುಳಿಗೆ ಹೋದದ್ದು ನನಗೆ ಕಾಣಿಸಿತು. ಹೋಗಿ, ಅಲ್ಲೇ ನಿಂತಿತು. ಮಾವ ಎದುರಿಗೆ ಬಂದಾಗ ಹೆಂಗಸರು ಮಾಡುವ ಹಾಗೆ ತಲೆಯ ಮೇಲೆ ಬಟ್ಟೆ ಎಳೆದುಕೊಂಡಳು.

‘ಅರದೇಬ’ ಎಂದಳು.

ಮೇಜರ್ ತೊಡೆ ತಟ್ಟಿಕೊಂಡು ನಕ್ಕ. ‘ಬರೆದುಕೊಳ್ಳಿ ಸ್ವಾಮಿ. ಅವರದೇ ಸಾಕ್ಷಿ.’

ನಾನು ಇಂಗ್ಲಿಷಿನಲ್ಲಿ ನ್ಯಾಯಾಧೀಶನಿಗೆ ಹೇಳತೊಡಗಿದೆ: ಎರಡೂ ಒಂದೇ ಮರದ ಹೆಸರು, ಇವಳು ಹಾಗೆ ಹೇಳಿದ್ದು ಯಾಕೆಂದರೆ ಇವಳ ಮಾವನ... ಅವನು ಅಂಗೈ ಎತ್ತಿದ.

‘ದುಭಾಷಿ ಕೇಳಿದ್ದನ್ನಷ್ಟೇ ಹೇಳಬೇಕು, ಮಗಳೇ. ಮರಗಳ ವಿಷಯ ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.’

ಬಾಟಲಿಯ ಮುಚ್ಚಳ ತಿರುಗಿಸಿ ನೀರು ಕುಡಿದ. ಇಡೀ ಊರು ಅವನ ಗಂಟಲನ್ನೇ ನೋಡುತ್ತಿತ್ತು.

ಕಮಿಷನರ್ ಅಜ್ಜಿಯ ಕೈಯಿಂದ ಚಿಲುಮೆ ಕಿತ್ತು ದೂರ ಎಸೆದ. ‘ಥೂ, ಮುದಿ ಗೂಬೆ. ಯಾವ ಅರಬನ ಮಗ್ಗುಲಲ್ಲಿ ಮಲಗಿ ಕಲ್ತೆ ಈ ಮಾತು?’

‘ನಿಮ್ಮವ್ವನ್ನ ಕೇಳು’ ಎಂದಳು ಅಜ್ಜಿ. ‘ಅವಳೂ ಯಾವ್ದೋ ಮನೆ ಸೊಸೆ ತಾನೆ. ಮಾವನ್ನ ಎಂಗೆ ಕರೀತಿದ್ಲು ಅಂತ ಕೇಳ್ಕಂಡು ಬಾ. ಆಮ್ಯಾಕೆ ನನ್ನ ಬಾಯಿ ತೊಳೀವಂತೆ, ಬೋಳಿಮಗನೆ.’

‘ಮುಗೀತು. ಮೋರಿ ಇಲ್ಲ, ಗೀರಿ ಇಲ್ಲ’ ಎಂದು ಅವನು ಊರಿಗೆಲ್ಲ ಕೇಳುವಂತೆ ಹೇಳಿದ. ‘ಈ ಹಲ್ಕಾ ಮುದುಕಿಗೆ ಹೋಗಿ ಕೈಮುಗೀರಿ.’

ಯಾರೂ ಕೈಮುಗಿಯಲಿಲ್ಲ, ಯಾರೂ ಬೈಯಲೂ ಇಲ್ಲ. ಅಜೋಕ್ ಹೋಗಿ ಚಿಲುಮೆ ಎತ್ತಿಕೊಂಡು ಬಂದಳು. ಅದರ ತುದಿಯ ಬುರುಡೆ ಒಡೆದಿತ್ತು.

ಆಗ ಮೇಜರ್ ಹಮ್ದಾನ್ ನೀರಿನ ಬಾಟಲಿ ಹಿಡಿದು ಬಂದು ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತ. ಅವರ ಮಾತಿನಲ್ಲಿ ಅಜ್ಜಿಗೆ ಹಬೂಬಾ ಎನ್ನುತ್ತಾರೆ.

‘ಹಬೂಬಾ, ನೀನು ಸತ್ಯ ಹೇಳ್ದೆ. ಕ್ಯಾಮರಾ ತರಿಸಿದ್ದೀನಿ. ಅದರ ಮುಂದೆ ಇನ್ನೊಂದ್ಸಲ ಹೇಳಿಬಿಡು.’

‘ಯೋಳುದ್ರೆ ಆ ಏರಿಗೆ ತೂತು ಹೊಡೀತೀಯಾ?’

‘ತೀರ್ಪು ಬರಲಿ. ನೆಲ ನಮ್ಮದು ಅಂತಾದ ಮೇಲೆ ನೀರೇನು ಮಹಾ.’

‘ಅಲ್ಲೀಗಂಟ?’

‘ಅಲ್ಲೀವರೆಗೆ ಕಾಯ್ಬೇಕು, ಹಬೂಬಾ. ಕಾನೂನು ಅಂತ ಒಂದಿದೆಯಲ್ಲ.’

ಅಜ್ಜಿ ಬಾಟಲಿ ಇಸಿದುಕೊಂಡು ಅಜೋಕಳ ಮಗುವಿನ ಬಾಯಿಗೆ ಹಿಡಿದಳು. ಮಗು ಕುಡಿಯುವಷ್ಟು ಕುಡಿಯಿತು, ಉಳಿದದ್ದನ್ನು ಅಜೋಕ್ ಕುಡಿದಳು. ಖಾಲಿ ಬಾಟಲಿಯನ್ನು ಅಜ್ಜಿ ಮೇಜರನ ಕೈಗೇ ವಾಪಸು ಇಟ್ಟಳು.

‘ಇವನೂ ಅವನೇ ಕಣೇ’ ಎಂದಳು ನನಗೆ. ‘ಅಂಗಿ ಬ್ಯಾರೆ.’

ಮಂಡಿಯ ಮೇಲೆ ಕೈಯೂರಿ ಎದ್ದು ಗುಡಿಸಲಿಗೆ ಹೋದಳು. ಶಾಮಿಯಾನದ ಕೆಳಗೆ ಅವಳ ಮಾತನ್ನು ಸಾಕ್ಷಿಯೆಂದು ಹಿಡಿಯಬೇಕೋ ಬಿಡಬೇಕೋ ಎಂಬ ಚರ್ಚೆ ಶುರುವಾಗಿತ್ತು. ಲುವಾಲ್ ಅವಳಿಗೆ ಬುದ್ಧಿ ಸರಿಯಿಲ್ಲ ಎಂದ. ಹಮ್ದಾನ್ ಈ ಊರಿನಲ್ಲಿ ಬುದ್ಧಿ ಇರುವುದು ಅವಳೊಬ್ಬಳಿಗೇ ಎಂದ. ಪಕ್ಕದಲ್ಲಿ ನಮ್ಮ ಮೇಕೆಗಳ ಮಾಂಸ ಅವರಿಗಾಗಿ ಬೇಯುತ್ತಿತ್ತು.

ಅಜ್ಜಿ ಗುದ್ದಲಿ ಹೊತ್ತು ಏರಿ ಹತ್ತುತ್ತಿದ್ದುದನ್ನು ಅವರು ಯಾರೂ ನೋಡಲಿಲ್ಲ. ನೋಡಿದ್ದರೂ ಮುದುಕಿ ಗೆಡ್ಡೆ ಅಗೆಯಲು ಹೊರಟಳು ಅಂದುಕೊಳ್ಳುತ್ತಿದ್ದರು. ಮೇಲೆ ನಿಂತು, ಹಳೆಯ ಹಳ್ಳದ ಜಾಡು ಎಲ್ಲಿ ಬಂದು ಏರಿಗೆ ಮುಟ್ಟುತ್ತದೆಂದು ಆಚೆ ಈಚೆ ನೋಡಿ, ಗುದ್ದಲಿ ಬೀಸಿದಳು.

‘ಏನ್ ಮಾಡ್ತಾವ್ಳೆ ನಿಮ್ಮಜ್ಜಿ?’ ಎಂದಳು ಅಜೋಕ್.

‘ಮೋರಿ ಹೊಡೀತಾವ್ಳೆ.’

ಅಜೋಕ್ ಮಗುವನ್ನು ಪಕ್ಕದವಳ ಮಡಿಲಿಗೆ ಹಾಕಿ ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ಗುದ್ದಲಿ ಇದ್ದವರು ಗುದ್ದಲಿ ತಂದರು, ಇಲ್ಲದವರು ಮಣ್ಣು ತುಂಬಲು ಸೋರೆಬುರುಡೆ ತಂದರು. ನಾನೂ ಹೋದೆ. ಮೇಲಿನ ಜಲ್ಲಿ ಕಲ್ಲಿನಂತೆ ಕೂತಿತ್ತು. ಅದು ಬಿಟ್ಟುಕೊಟ್ಟ ಮೇಲೆ ಮಣ್ಣು ಮೆತ್ತಗಾಯಿತು. ಕಂಪನಿಯ ಲಾರಿಯೊಂದು ಬಂದು ನಿಂತು ಹಾರ್ನ್ ಹೊಡೆಯಿತು. ಹೊಡೆಯುತ್ತಲೇ ಇತ್ತು.

ಶಾಮಿಯಾನ ಖಾಲಿಯಾಯಿತು. ‘ಅವರು ಏನು ಮಾಡುತ್ತಿದ್ದಾರೆ?’ ಎಂದು ನ್ಯಾಯಾಧೀಶ ಕೆಳಗಿನಿಂದ ನನ್ನನ್ನೇ ಕೇಳಿದ. ನನಗೆ ಚೆನ್ನಾಗಿಯೇ ಕೇಳಿಸಿತು. ಬುರುಡೆಗೆ ಮಣ್ಣು ತುಂಬಿಕೊಂಡೆ.

‘ಅದು ಗಡಿ ಕಣ್ರೇ, ದರಿದ್ರ ಮುಂಡೇವಾ, ಗಡಿ ಅದು’ ಎಂದು ಲುವಾಲ್ ಕೂಗಿದ. ಹಮ್ದಾನ್ ತನ್ನ ಭಾಷೆಯಲ್ಲಿ ಅದನ್ನೇ ಕೂಗಿದ. ಕೂಗಿ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲುವಾಲ್ ತಲೆಯಾಡಿಸಿದ. ಹಮ್ದಾನನೂ ತಲೆಯಾಡಿಸಿದ. ಬೆಳಗಿನಿಂದ ಅವರಿಬ್ಬರೂ ಒಪ್ಪಿಕೊಂಡದ್ದು ಅದೊಂದನ್ನೇ.

ಈಚೆಯ ಇಳಿಜಾರಿನಿಂದ ನಮ್ಮ ಸೈನಿಕರು ಹತ್ತಿದರು. ಆಚೆಯ ಇಳಿಜಾರಿನಿಂದ ಉತ್ತರದವರು. ಯುದ್ಧದುದ್ದಕ್ಕೂ ಎದುರುಬದುರಾಗಿದ್ದ ಬಂದೂಕುಗಳು ಈಗ ಒಂದೇ ಕುಣಿಯ ಕಡೆ ಮೂತಿ ಮಾಡಿ ನಿಂತವು. ಕುಣಿಯಲ್ಲಿ ನಾವಿದ್ದೆವು, ಸೊಂಟದ ಆಳಕ್ಕೆ. ಒಬ್ಬಿಬ್ಬರು ಕೈ ನಿಲ್ಲಿಸಿದರು.

ಅಜ್ಜಿ ತಲೆಯೆತ್ತಲಿಲ್ಲ. ಅಗೆದ ಮಣ್ಣನ್ನು ಒಂದು ಹಿಡಿ ತೆಗೆದು ಹಿಂಡಿ ನೋಡಿ, ನನ್ನ ಬುರುಡೆಗೆ ಹಾಕಿದಳು.

‘ತ್ಯಾವ ಬಂತು’ ಎಂದಳು. ‘ಎತ್ತಾಕು.’